‘ಹಾಸಿಗೆ ಹುಣ್ಣಿಗೆ 5 ಸೂತ್ರ’: ನರ್ಸಿಂಗ್ ಬ್ಯಾಚ್ ಗುಂಪಿನಲ್ಲಿ ವಾದ

ಸುಮಾ (ಫಾರ್ವರ್ಡ್ ಮಾಡಿದ್ದು):
ಹಾಸಿಗೆ ಹಿಡಿದವರಿಗೆ ಹುಣ್ಣಾಗದಂತೆ 5 ಸೂತ್ರ!! 1) ಸೊಂಟದಡಿ ರಿಂಗ್ ಕುಶನ್ ಇಡಿ. 2) ಕೆಂಪಾದ ಜಾಗವನ್ನು ಚೆನ್ನಾಗಿ ತಿಕ್ಕಿ. 3) ಸ್ಪಿರಿಟ್ ಒರೆಸಿ ಪೌಡರ್ ಹಾಕಿ. 4) ಏರ್ ಬೆಡ್ ಇದ್ದರೆ ಮಗ್ಗುಲು ಬದಲಿಸಬೇಕಿಲ್ಲ. 5) ತಲೆಯ ಕಡೆ ಸದಾ ಎತ್ತರವಿರಲಿ. ಎಲ್ಲರಿಗೂ ಹಂಚಿ 🙏

ನಸ್ರೀನ್: ಸುಮಾ, ಇದನ್ನ ದಯವಿಟ್ಟು ಇನ್ನೊಂದು ಗುಂಪಿಗೆ ಕಳಿಸಬೇಡ ಕಣೇ. ಐದಕ್ಕೆ ಐದೂ ತಪ್ಪು.

ಸುಮಾ: ಐದೂನಾ? ರಿಂಗ್ ಕುಶನ್ ಹಳೇ ಪುಸ್ತಕಗಳಲ್ಲೆಲ್ಲ ಇತ್ತಲ್ಲ.

ನಸ್ರೀನ್: ಇತ್ತು, ಈಗ ಬೇಡ ಅಂತಾರೆ. ತೂತಿನ ಜಾಗಕ್ಕೆ ಒತ್ತಡ ಇಲ್ಲ, ಅದು ನಿಜ. ಆದರೆ ಇಡೀ ಭಾರ ಸುತ್ತಲಿನ ಉಂಗುರದ ಮೇಲೆ ಕೂತು ಅಲ್ಲಿನ ರಕ್ತನಾಳ ಅಮುಕುತ್ತೆ. ನಡುವಿನ ಚರ್ಮಕ್ಕೆ ರಕ್ತ ಬರೋದೂ ಕಷ್ಟ, ವಾಪಸ್ ಹೋಗೋದೂ ಕಷ್ಟ. ಯಾವ ಜಾಗ ಕಾಪಾಡಬೇಕು ಅಂತ ಇಟ್ಟಿರ್ತಾರೋ ಅದೇ ಜಾಗ ಊದಿಕೊಳ್ಳುತ್ತೆ. ತಿಕ್ಕೋದಂತೂ ಇನ್ನೂ ಕೆಟ್ಟದ್ದು. ಕೆಂಪಾಗಿದೆ ಅಂದ್ರೆ ಒಳಗೆ ಆಗಲೇ ಪೆಟ್ಟಾಗಿರಬಹುದು, ಮೇಲಿಂದ ಉಜ್ಜಿದರೆ ಆ ಪೆಟ್ಟು ಹರಡುತ್ತೆ.

ನಸ್ರೀನ್: ತಿಕ್ಕೋ ಬದಲು ಬೆರಳಿಂದ ಒತ್ತಿ ಬಿಡಿ ಅಂತ ಹೇಳಿಕೊಡಬೇಕು. ಬಿಟ್ಟಾಗ ಬಿಳುಪಾಗಿ ಮತ್ತೆ ಕೆಂಪಾದರೆ ರಕ್ತ ಓಡ್ತಿದೆ. ಬಿಳುಪಾಗದೆ ಹಾಗೇ ಇದ್ದರೆ ಅದು ಮೊದಲ ಹಂತದ ಹುಣ್ಣು, ಚರ್ಮ ಹರಿಯದೇ ಇದ್ದರೂ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಎಷ್ಟೋ ಸಲ ಕಾಣೋದೇ ಇಲ್ಲ. ಅಲ್ಲಿ ಕೈಯ ಹಿಂಭಾಗ ಇಟ್ಟು ಪಕ್ಕದ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ ನೋಡಬೇಕು. ನೇರಳೆ ಛಾಯೆ ಬಂದಿದ್ದರೆ ತಡ ಮಾಡಬಾರದು. ಸೊಂಟದ ಕೆಳಗಿನ ಮೂಳೆ, ಹಿಮ್ಮಡಿ, ಕಾಲಿನ ಗೆಣ್ಣು, ತೊಡೆಮೂಳೆಯ ಗಂಟು (ಸೊಂಟದ ಪಕ್ಕದಲ್ಲಿ ಕೈಗೆ ಸಿಗೋ ಉಬ್ಬು), ಮೊಣಕೈ, ತಲೆಯ ಹಿಂಭಾಗ, ಆಕ್ಸಿಜನ್ ಟ್ಯೂಬ್ ಇದ್ದರೆ ಕಿವಿಯ ಹಿಂದೆ. ಇಷ್ಟನ್ನೂ ದಿನಕ್ಕೊಮ್ಮೆ ನೋಡಲೇಬೇಕು.

ರಘು: 5ನೇದು ಫಿಸಿಯೋ ಕಡೆಯಿಂದ ನನ್ನ ಪಾಲು. ತಲೆ ಕಡೆ 30 ಡಿಗ್ರಿಗಿಂತ ಜಾಸ್ತಿ ಎತ್ತಿಟ್ಟರೆ ದೇಹ ಮೆಲ್ಲಗೆ ಕೆಳಗೆ ಜಾರುತ್ತೆ, ಚರ್ಮ ಮಾತ್ರ ಬೆಡ್‌ಶೀಟಿಗೆ ಅಂಟಿಕೊಂಡೇ ಇರುತ್ತೆ. ನಡುವಿನ ರಕ್ತನಾಳ ಎಳೆದು ತಿರುಚಿಹೋಗುತ್ತೆ. ಮೇಲೆ ಏನೂ ಕಾಣದೆ ಒಳಗಿಂದ ಹುಣ್ಣಾಗೋದು ಎಷ್ಟೋ ಸಲ ಹೀಗೆ. ಊಟದ ಹೊತ್ತಲ್ಲಿ, ಊಟವಾಗಿ ಅರ್ಧ ಗಂಟೆ ಎತ್ತರ ಬೇಕೇ ಬೇಕು, ಇಲ್ಲದಿದ್ದರೆ ಅನ್ನನಾಳದ್ದು ಶ್ವಾಸನಾಳಕ್ಕೆ ಇಳಿಯೋ ಅಪಾಯ. ಅದಕ್ಕೆ ಮೊದಲು ಮಂಡಿ ಕಡೆ ಎತ್ತಿ, ಆಮೇಲೆ ತಲೆ ಕಡೆ. ಆಗ ಜಾರಲ್ಲ. ಮೂಗಿನ ಟ್ಯೂಬಲ್ಲಿ ಆಹಾರ ಕೊಡ್ತಿದ್ದರೆ ಡಾಕ್ಟರ್ ಹೇಳಿದ ಎತ್ತರವನ್ನೇ ಪಾಲಿಸಬೇಕು.

ಲೋಹಿತ್: ಎಲ್ಲ ಒಪ್ಪುತ್ತೀನಿ. ಆದರೆ ಇದರ ಬದಲಿಗೆ ನಾವು ಕಳಿಸೋದು ಏನು? ‘2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ’ ಅಂತಾನೇ ಅಲ್ವಾ? ಮನೇಲಿ ನೋಡಿಕೊಳ್ಳೋರು ಒಬ್ಬರೇ ಇದ್ದರೆ ರಾತ್ರಿಯಿಡೀ ಅಲಾರಂ ಇಟ್ಟು ಏಳೋದು ಎಷ್ಟು ದಿನ? ಮೂರನೇ ವಾರಕ್ಕೆ ಅವರೇ ಕುಸಿದು ಬೀಳ್ತಾರೆ. ಹುಣ್ಣಾದರೆ ‘ನನ್ನಿಂದಲೇ ಆಯ್ತು’ ಅನ್ನೋ ಕೊರಗು ಬೇರೆ.

ನಸ್ರೀನ್: ಕೊರಗು ಬೇಡ ಅಂತ ನಿಯಮ ಸಡಿಲಿಸೋಕಾಗಲ್ಲ ಲೋಹಿತ್. ಚರ್ಮಕ್ಕೆ ನಮ್ಮ ಸುಸ್ತು ಗೊತ್ತಾಗಲ್ಲ.

ಲೋಹಿತ್: ನಿಯಮ ಅಂತೀಯಲ್ಲ, 2013ರಲ್ಲಿ ಅಮೆರಿಕ, ಕೆನಡಾದ ವೃದ್ಧಾಲಯಗಳಲ್ಲಿ ನಡೆದ ಅಧ್ಯಯನದಲ್ಲಿ 2, 3, 4 ಗಂಟೆಯ ಅಂತರಗಳ ನಡುವೆ ಹುಣ್ಣಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸೋ ಸಂಸ್ಥೆ ನೈಸ್ (NICE) 2014ರಲ್ಲಿ ಹೇಳಿದ್ದೂ ಅಷ್ಟೇ: ಅಪಾಯ ಇರೋ ವಯಸ್ಕರಿಗೆ ಕನಿಷ್ಠ 6 ಗಂಟೆಗೊಮ್ಮೆ, ಹೆಚ್ಚು ಅಪಾಯ ಇದ್ದರೆ 4 ಗಂಟೆಗೊಮ್ಮೆ.

ನಸ್ರೀನ್: ಆ ಅಧ್ಯಯನದಲ್ಲಿ ಎಲ್ಲರೂ ಮಲಗಿದ್ದು ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆ ಮೇಲೆ. ಸಿಬ್ಬಂದಿ ಚರ್ಮ ನೋಡ್ತಾನೇ ಇದ್ದರು. ಕುಗ್ಗಿ ಗುಂಡಿ ಬಿದ್ದ ಹಾಸಿಗೆ ಮೇಲೆ ಮಲಗಿದವರಿಗೆ 4 ಗಂಟೆ ಅಂತ ಬರೆದುಕೊಟ್ಟರೆ ನಾವೇ ಹುಣ್ಣು ಮಾಡಿದ ಹಾಗೆ.

ರಘು: ಗಂಟೆಯನ್ನ ಚರ್ಮವೇ ತೀರ್ಮಾನಿಸಲಿ. 2 ಗಂಟೆಯಿಂದ ಶುರು ಮಾಡಿ. ಮಗ್ಗುಲು ಬದಲಿಸಿದ ಮೇಲೆ ಕೆಂಪು ಅರ್ಧ ಗಂಟೆಯೊಳಗೆ ಮಾಯವಾದರೆ ಆ ಹಾಸಿಗೆಗೆ ಆ ಅಂತರ ಸರಿಯಿದೆ. ಕೆಲವು ದಿನ ಹೀಗೇ ಕೆಂಪು ಮಾಯವಾಗ್ತಾ ಇದ್ದರೆ ರಾತ್ರಿ ಹೊತ್ತು ಅರ್ಧ ಗಂಟೆ ಹೆಚ್ಚಿಸಿ ನೋಡಿ. ಕೆಂಪು ಉಳಿದರೆ ವಾಪಸ್ ಬನ್ನಿ. ಇನ್ನೊಂದು ವಿಷಯ, ಪೂರ್ತಿ ಮಗ್ಗುಲು ಹಾಕೋದು ಬೇಡ. 90 ಡಿಗ್ರಿ ತಿರುಗಿಸಿದರೆ ತೊಡೆಮೂಳೆಯ ಗಂಟು ಹಾಸಿಗೆಗೆ ಒತ್ತುತ್ತೆ. ಬೆನ್ನು, ಪೃಷ್ಠದ ಹಿಂದೆ ದಿಂಬು ಕೊಟ್ಟು 30 ಡಿಗ್ರಿ ವಾಲಿಸಿದರೆ ಸಾಕು. ಸೊಂಟದ ಕೆಳಗಿನ ಮೂಳೆಯಡಿ ಕೈ ಹಾಕಿದರೆ ಅಂಗೈ ಸಲೀಸಾಗಿ ಹೋಗಬೇಕು. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಮಂಡಿ ಸ್ವಲ್ಪ ಮಡಚಿ, ಹಿಮ್ಮಡಿ ಗಾಳಿಯಲ್ಲಿರಲಿ. ಇಷ್ಟಕ್ಕೆ ಒಬ್ಬರೇ ಸಾಕು. ಮೇಲಕ್ಕೆ ಸರಿಸುವಾಗ ಮಾತ್ರ ಇಬ್ಬರು ಬೇಕು, ಭುಜದಿಂದ ಮಂಡಿವರೆಗೆ ಮಡಚಿ ಹಾಸಿದ ಬಟ್ಟೆಯ ಎರಡೂ ಅಂಚು ಹಿಡಿದು ಎತ್ತಬೇಕು. ಕಂಕುಳಡಿ ಕೈ ಹಾಕಿ ಎಳೆಯೋದು ಬೇಡವೇ ಬೇಡ.

ಸುಮಾ: ಒಂದು ಕಡೆ ತಿರುಗಿಸಿದರೆ ಒಪ್ಪದೆ ಮತ್ತೆ ಮತ್ತೆ ಅಂಗಾತ ಆಗೋರಿದ್ದಾರಲ್ಲ, ಅವರಿಗೆ?

ನಸ್ರೀನ್: ಮೊದಲು ಮಂಚ ಎಲ್ಲಿದೆ ನೋಡಬೇಕು. ಗೋಡೆಗೆ ಒತ್ತಿಟ್ಟಿದ್ದರೆ ಒಂದು ಮಗ್ಗುಲಲ್ಲಿ ಅವರಿಗೆ ಕಾಣೋದು ಬರೀ ಗೋಡೆ. ಯಾರು ಬಂದರು, ಯಾರು ಮಾತಾಡಿದರು ತಿಳಿಯಲ್ಲ. ಯಾರಾದರೂ ಒಲ್ಲೆ ಅಂತಾರೆ. ಮಂಚ ಎಳೆದು ಎರಡೂ ಕಡೆ ಜಾಗ ಬಿಟ್ಟರೆ ನೋಡಿಕೊಳ್ಳೋರ ಬೆನ್ನಿಗೂ ಒಳ್ಳೇದು. ತಿರುಗಿಸೋ ಮೊದಲು ‘ಈಗ ಎಡಕ್ಕೆ, ಸರಿನಾ?’ ಅಂತ ಕೇಳಿ. ಮಾತು ಹೋಗಿದ್ದರೆ ಕಣ್ಣು ಮಿಟುಕಿಸೋದು, ಬೆರಳೆತ್ತೋದು, ಏನಾದರೊಂದು ಸನ್ನೆ ಗೊತ್ತು ಮಾಡಿಕೊಳ್ಳಿ. ಅದು ಅವರ ಮೈ.

ಸುಮಾ: ಸರಿ. ಸ್ಪಿರಿಟ್, ಏರ್ ಬೆಡ್ ಬಗ್ಗೆ ಒಂದೊಂದು ಸಾಲು ಹೇಳಿ, ಹೊಸ ಮೆಸೇಜಿಗೆ ಹಾಕ್ತೀನಿ.

ನಸ್ರೀನ್: ಸ್ಪಿರಿಟ್ ಚರ್ಮ ಒಣಗಿಸಿ ಬಿರುಕು ಬಿಡಿಸುತ್ತೆ, ಪೌಡರ್ ಬೆವರಿಗೆ ಗಂಟು ಕಟ್ಟಿ ಉಜ್ಜುತ್ತೆ. ಉಗುರುಬೆಚ್ಚಗಿನ ನೀರು, ಒತ್ತಿ ಒರೆಸೋದು, ಒದ್ದೆಯಾಗೋ ಜಾಗಕ್ಕೆ ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ. ದಪ್ಪಗೆ ಬಳಿದರೆ ಡೈಪರ್ ಮೂತ್ರ ಹೀರಲ್ಲ.

ಲೋಹಿತ್: ಏರ್ ಬೆಡ್ ಮೇಲೂ ಮಗ್ಗುಲು ಬದಲಿಸಲೇಬೇಕು. ಪಂಪಿನ ಒತ್ತಡ ಅವರ ತೂಕಕ್ಕೆ ಹೊಂದಿಸಿ. ಪೃಷ್ಠದ ನೇರಕ್ಕೆ ಏರ್ ಬೆಡ್ ಕೆಳಗೆ ಅಂಗೈ ಮೇಲೆ ಮಾಡಿ ಕೈ ಹಾಕಿ. ಮೂಳೆ ಕೈಗೆ ತಾಗುವ ಹಾಗಿದ್ದರೆ, ನಡುವೆ ಸುಮಾರು 2.5 ಸೆಂ.ಮೀ. ಗಾಳಿಯೂ ಇಲ್ಲದಿದ್ದರೆ, ಅದು ಇದ್ದೂ ಇಲ್ಲದ ಹಾಗೆ. ಮೇಲೆ ಒಂದೇ ಬೆಡ್‌ಶೀಟ್, ಸಡಿಲವಾಗಿ. ರಬ್ಬರ್ ಶೀಟ್, ಮಡಚಿದ ಬಟ್ಟೆ ಅಂತ ನಾಲ್ಕು ಪದರ ಹಾಕಿದರೆ ಗಾಳಿ ತುಂಬಿ ಇಳಿಯೋದು ಮೈಗೆ ಮುಟ್ಟೋದೇ ಇಲ್ಲ.

ರಘು: ವೀಲ್‌ಚೇರಲ್ಲಿ ಕೂರೋರನ್ನ ಮರೀಬೇಡಿ. 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಬಾಗಬೇಕು, ಇಲ್ಲ ಪಕ್ಕಕ್ಕೆ ವಾಲಬೇಕು, ಅದೂ ಸುಮಾರು 2 ನಿಮಿಷ. ಕೈ ಊರಿ 10 ಸೆಕೆಂಡ್ ಎದ್ದು ಕೂತರೆ ರಕ್ತ ಮರಳಿ ತುಂಬೋಕೆ ಸಮಯ ಸಾಲಲ್ಲ. ಫುಟ್‌ರೆಸ್ಟ್ ತೀರಾ ಮೇಲಿದ್ದರೆ ತೊಡೆ ಎದ್ದು ಭಾರವೆಲ್ಲ ಕೂರುವ ಮೂಳೆ ಮೇಲೇ ಬೀಳುತ್ತೆ, ಅದನ್ನೂ ಬರಿ.

ಸುಮಾ: ಫಾರ್ವರ್ಡ್ ಅಳಿಸಿದೆ. ಹೊಸದರಲ್ಲಿ ಮೊದಲ ಸಾಲು ‘2 ಗಂಟೆ’ ಅಂತಲೋ, ‘ಚರ್ಮ ನೋಡಿ’ ಅಂತಲೋ?

ಲೋಹಿತ್: ‘ಚರ್ಮ ನೋಡಿ’ ಅಂತಲೇ. ಜೊತೆಗೆ ರಾತ್ರಿ ಪಾಳಿಯನ್ನ ಮನೆಯವರೆಲ್ಲ ಹಂಚಿಕೊಳ್ಳಿ ಅಂತ ಸೇರಿಸು.

ನಸ್ರೀನ್: ಸೇರಿಸು. ಆದರೆ 4 ಗಂಟೆ ಅನ್ನೋ ಅಂಕಿ ಮಾತ್ರ ಬೇಡ, ಹಾಸಿಗೆ ನೋಡದೆ ನಾನು ಒಪ್ಪಲ್ಲ. ಕೊನೆಗೆ ಇದನ್ನೂ ಹಾಕು: ಚರ್ಮ ಹರಿದಿದ್ದರೆ, ಕಪ್ಪುಗಟ್ಟಿದ್ದರೆ, ವಾಸನೆ, ಕೀವು, ಜ್ವರ ಇದ್ದರೆ ಮನೆಮದ್ದು ಹಚ್ಚದೆ ಅದೇ ದಿನ ಡಾಕ್ಟರಿಗೆ ತೋರಿಸಿ.