ಸಮಸ್ಯೆ: ಹೊಟ್ಟೆಕಿಚ್ಚಿಗೆ ನೂರು ಮಕ್ಕಳು

ಸಮಸ್ಯೆ ಕೊಟ್ಟವರು:
ಗೆಳೆಯರೇ, ಈ ವಾರದ ಸಾಲು ಇದು. ಪದ್ಯದ ಕೊನೆಯ ಸಾಲಾಗಿ ಬರಬೇಕು. ಭಾಮಿನಿ ಷಟ್ಪದಿಯ ನಡೆ, ಅಂದರೆ 3-4-3-4 ಮಾತ್ರೆ. ಪ್ರಾಸ 'ಟ್ಟ'. ಕಿಚ್ಚು ಸುಡುತ್ತದೆ, ಹೆರುವುದಿಲ್ಲ. ಮಕ್ಕಳು ಎಲ್ಲಿಂದ ಬಂದರು? ಮೇಲಿನ ಸಾಲುಗಳನ್ನು ತುಂಬಿಸಿ (ಅದೇ ಪೂರಣ) ಬಿಡಿಸಿ ನೋಡೋಣ.

ಮೊದಲ ಪೂರಣ:

ಪಟ್ಟು ಹಿಡಿದವ ಗೆದ್ದರಾಯಿತು,
ಕೆಟ್ಟ ಮಾತಿದೆ, ಚಾಡಿ ಹುಸಿಯಿದೆ,
ಕಟ್ಟುಕತೆಗಳ ದಂಡೆ ಹಿಂದಿದೆ –
ಹೊಟ್ಟೆಕಿಚ್ಚಿಗೆ ನೂರು ಮಕ್ಕಳು

'ಯಾರದೋ ಕೈಕಾಲು ಹಿಡಿದು ಗಿಟ್ಟಿಸಿಕೊಂಡ', 'ಅವರಪ್ಪನ ದುಡ್ಡು ಕಣ್ರೀ'. ಈ ಮಕ್ಕಳನ್ನು ಎಲ್ಲರೂ ನೋಡಿದ್ದೀರಿ, ಅಲ್ವಾ?

ಸಮಸ್ಯೆ ಕೊಟ್ಟವರು:
ಮೂರನೇ ಸಾಲು ಬಹಳ ಹಿಡಿಸಿತು. ಇದು ಅಚ್ಚ ಅಸೂಯೆ. ಗುಣವಿದ್ದ ಕಡೆಯೂ ದೋಷ ಹೊರಿಸುವುದೇ ಅಸೂಯೆ ಎನ್ನುತ್ತದೆ ಅಮರಕೋಶ. ಸುಮ್ನೆ ಸಹಿಸಲಾಗದೆ ಇರುವುದು ಈರ್ಷ್ಯೆ. ನಮ್ಮ ಹೊಟ್ಟೆಕಿಚ್ಚು ಎರಡನ್ನೂ ಒಳಗೆ ಇಟ್ಟುಕೊಂಡಿದೆ. ಈರ್ಷ್ಯೆಯ ಕಡೆಯಿಂದ ಯಾರಾದರೂ ಬನ್ನಿ.

ಎರಡನೇ ಪೂರಣ:

ಕಟ್ಟಿ ಕಣ್ಣಿಗೆ ಬಟ್ಟೆ ಕುಳಿತಿರೆ
ಮುಟ್ಟಿತವಳಿಗೆ ಕುಂತಿ ಹೆತ್ತುದು;
ಕೆಟ್ಟ ಸಂಕಟದಲ್ಲಿ ಗುದ್ದಲು
ಹೊಟ್ಟೆ, ಕಿಚ್ಚಿಗೆ ನೂರು ಮಕ್ಕಳು

ಗಾಂಧಾರಿ ಎರಡು ವರ್ಷ ಬಸಿರು ಹೊತ್ತಿದ್ದಳು. ಕುಂತಿಗೆ ಮೊದಲು ಮಗ ಹುಟ್ಟಿದ ಅಂತ ಕೇಳಿ ತನ್ನ ಹೊಟ್ಟೆಯನ್ನೇ ಗುದ್ದಿಕೊಂಡಳು. ಕುಂತಿಯ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲ. ತಡೆಯಲಾಗಲಿಲ್ಲ, ಅಷ್ಟೇ. ಹೊರಬಿದ್ದ ಮಾಂಸದ ಮುದ್ದೆಯನ್ನು ವ್ಯಾಸರು ಭಾಗ ಮಾಡಿ ತುಪ್ಪದ ಕೊಡಗಳಲ್ಲಿ ಇಡಿಸಿದರು.

ಸಮಸ್ಯೆ ಕೊಟ್ಟವರು:
ಆಹಾ! 'ಹೊಟ್ಟೆ' ಆದಮೇಲೆ ಒಂದು ಅಲ್ಪವಿರಾಮ ಹಾಕಿ ಪದವನ್ನೇ ಸೀಳಿಬಿಟ್ಟಿರಿ. 'ಗುದ್ದಲು ಹೊಟ್ಟೆ' ಅಂತ ಮೇಲಿನ ಸಾಲಿಗೆ ಎಷ್ಟು ಚೆನ್ನಾಗಿ ಕೂತಿದೆ! ಸಮಸ್ಯೆಯಲ್ಲಿ ಅದೇ ಅರ್ಥದ 'ಕರುಬು' ಅಂತ ಕೊಟ್ಟಿದ್ದರೆ ಈ ಬಾಗಿಲು ತೆರೆಯುತ್ತಿರಲಿಲ್ಲ.

ಇನ್ನೊಬ್ಬರು:
ಪದ್ಯ ಸೊಗಸಾಗಿದೆ ಮೇಡಂ. ಒಂದೇ ಅನುಮಾನ. ಗಾಂಧಾರಿಯ ಮಗಳು ದುಶ್ಶಲೆಯೂ ಸೇರಿದರೆ ಮಕ್ಕಳು 101 ಆಗಬೇಕಲ್ವಾ?

ಎರಡನೇ ಪೂರಣ ಬರೆದವರು:
ಹೌದು ಸರ್, ಹುಟ್ಟಿದವರು 101. ಅದಕ್ಕೇ 'ಕಿಚ್ಚಿಗೆ' ಅನ್ನುವುದನ್ನು ಇನ್ನೊಮ್ಮೆ ಓದಿ. ದುಶ್ಶಲೆ ಉಳಿದಳು. ಕುರುಕ್ಷೇತ್ರದ ಕಿಚ್ಚಿಗೆ ಬಿದ್ದ ಗಾಂಧಾರಿಯ ಮಕ್ಕಳು ಸರಿಯಾಗಿ ನೂರು.