ವಿಜಯಪುರಕ್ಕೆ ಸಿಗುವುದು ಅರ್ಧ ದಿನ: ಅಪ್ಪನ ಜೊತೆ ಏನು ನೋಡಲಿ, ಏನು ಬಿಡಲಿ?

ಜೋಗದ ಹನಿ

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಸೊಲ್ಲಾಪುರದಲ್ಲಿ ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆ. ಸಾಗರದಿಂದ ನಾನು, ಅಪ್ಪ ಇಬ್ಬರೇ ಹೊರಟಿದ್ದೇವೆ. ದಾರಿಯಲ್ಲಿ ವಿಜಯಪುರಕ್ಕೆ ಇಳಿದು ಹೋಗೋಣ ಅಂತ ಅಪ್ಪನ ಆಸೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ವರ್ಷವರ್ಷವೂ ಬೋರ್ಡಿನ ಮೇಲೆ ಗೋಲ ಗುಮ್ಮಟ ಬಿಡಿಸಿದ್ದಾರೆ, ಕಣ್ಣಾರೆ ನೋಡಿಲ್ಲ.

ಬೆಳಿಗ್ಗೆ ಆರರ ಸುಮಾರಿಗೆ ರೈಲು ಇಳಿಯುತ್ತೇವೆ. ಸಂಜೆ ವರಪೂಜೆ ಇರುವುದರಿಂದ ಮಧ್ಯಾಹ್ನವೇ ಸೊಲ್ಲಾಪುರದ ಬಸ್ ಹತ್ತಬೇಕು. ಇಂಟರ್ನೆಟ್ಟಲ್ಲಿ ನೋಡಿದರೆ ಇಪ್ಪತ್ತು ಜಾಗಗಳ ಪಟ್ಟಿ ಬರುತ್ತದೆ. ಅಪ್ಪನಿಗೆ ಮಂಡಿ ನೋವು, ಜಾಸ್ತಿ ಮೆಟ್ಟಿಲು ಹತ್ತಲಾರರು. ಆದರೆ ಎಲ್ಲಾದರೂ ಒಂದು ಕಡೆ ಕೂತು ಸ್ಕೆಚ್ ಮಾಡಲೇಬೇಕಂತೆ. ಊರಿನವರು ಯಾರಾದರೂ ದಾರಿ ಹೇಳಿ.

ಶಹಾಪುರ ಅಗಸಿ

ಅಕ್ಕಾ, ನಿಮ್ಮ ತಂದೆಯವರನ್ನು ಕರ್ಕೊಂಡು ಬನ್ನಿ, ಖಂಡಿತ ಆಗುತ್ತದೆ. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಮನೆಗೆ ಬರುವ ನೆಂಟರಿಗೆಲ್ಲ ಊರು ತೋರಿಸುವ ಕೆಲಸ ನನ್ನದೇ.

ನಮ್ಮೂರಲ್ಲಿ ದೂರದ ಚಿಂತೆ ಇಲ್ಲ. ಪೂರ್ವಕ್ಕೆ ಸ್ಟೇಷನ್, ಅದರ ಹತ್ತಿರವೇ ಗೋಲ ಗುಮ್ಮಟ. ಪಶ್ಚಿಮದಲ್ಲಿ ಕೋಟೆ ಗೋಡೆ ದಾಟಿದರೆ ಇಬ್ರಾಹಿಂ ರೋಜಾ, ಅಂದರೆ ಸುಲ್ತಾನ ಇಬ್ರಾಹಿಂನ ಸಮಾಧಿ. ಎರಡರ ನಡುವೆ ನಾಲ್ಕೈದು ಕಿಲೋಮೀಟರ್ ಅಷ್ಟೆ. ಏಪ್ರಿಲ್‌ನಲ್ಲಿ ಲೆಕ್ಕ ಹಾಕಬೇಕಾದದ್ದು ಬಿಸಿಲನ್ನು, ಜನರ ಗದ್ದಲವನ್ನು. ಹಾಗಾಗಿ ಎರಡೇ ಜಾಗ ಮನಸಾರೆ ನೋಡಿ: ಬೆಳಗಿನ ತಂಪಲ್ಲಿ ಗುಮ್ಮಟ, ಬಿಸಿಲೇರಿದ ಮೇಲೆ ರೋಜಾ. ಉಳಿದದ್ದು ದಾರಿಯಲ್ಲಿ ಸಿಕ್ಕಷ್ಟು.

ರೈಲು ಇಳಿದು ಸ್ಟೇಷನ್ ರಸ್ತೆಯಲ್ಲಿ ಒಂದು ಲಾಡ್ಜ್ ರೂಮ್ ತಗೊಳ್ಳಿ. ಮುಖ ತೊಳೆದು, ಬ್ಯಾಗ್ ಅಲ್ಲೇ ಇಟ್ಟು, ಚಹಾ ಕುಡಿದು ನೇರ ಗುಮ್ಮಟಕ್ಕೆ ನಡೀರಿ. ತಿಂಡಿ ಆಮೇಲೆ. ಇದನ್ನು ಒತ್ತಿ ಹೇಳುತ್ತೇನೆ, ಯಾಕಂದರೆ ಗೋಲ ಗುಮ್ಮಟ ಕಿವಿಯಿಂದ ನೋಡುವ ಕಟ್ಟಡ. ಹತ್ತು ಗಂಟೆಯ ಮೇಲೆ ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕೂಗು, ಸಿಳ್ಳೆ. ಒಬ್ಬರ ದನಿ ಇನ್ನೊಬ್ಬರದರಲ್ಲಿ ಕಲಸಿ ಹೋಗುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದರೆ, ಗೋಡೆಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ, ಸುಮಾರು 38 ಮೀಟರ್ ಆಚೆ ಕೂತವರಿಗೆ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಅಲ್ಲಿ ಯಾರೂ ಇಲ್ಲದಾಗ ಒಂದು ಹಾಳೆ ಹರಿದು ನೋಡಿ.

ಗುಮ್ಮಟದಿಂದ ಹೊರಟು ತಿಂಡಿ ಮುಗಿಸಿ. ಚುರುಮುರಿ ಸೂಸಲಾ, ಮಿರ್ಚಿ ಭಜಿ ಸಿಕ್ಕರೆ ಬಿಡಬೇಡಿ. ಆಮೇಲೆ ಒಂದು ಆಟೋವನ್ನು ಮಧ್ಯಾಹ್ನದವರೆಗೆ ಅಂತ ಮಾತಾಡಿಕೊಳ್ಳಿ. ಎಲ್ಲೆಲ್ಲಿಗೆ, ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ಹತ್ತುವ ಮೊದಲೇ ಹೇಳಿಬಿಡಿ. ರೋಜಾಕ್ಕೆ ಹೋಗುವ ದಾರಿಯಲ್ಲೇ ಮಲಿಕ್-ಎ-ಮೈದಾನ್ ತೋಪು ಸಿಗುತ್ತದೆ. ಹತ್ತು ನಿಮಿಷ ಸಾಕು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಅದರ ಬಾಯಿ ನೋಡಿ: ತೆರೆದ ಸಿಂಹದ ದವಡೆ, ಅದರ ಹಲ್ಲಿನ ನಡುವೆ ಸಿಕ್ಕಿಬಿದ್ದ ಆನೆ.

ಬಾಗಲಕೋಟೆ ಬಿಸಿಲು

ಮೇಲೆ ಹೇಳಿದ್ದನ್ನು ಪೂರ್ತಿ ಒಪ್ಪಲಾರೆ. ಡ್ರಾಯಿಂಗ್ ಮೇಷ್ಟ್ರಿಗೆ ತೋಪು ಯಾಕೆ? ಗುಮ್ಮಟದಿಂದ ಬರುವಾಗ ಜುಮ್ಮಾ ಮಸೀದಿಗೆ ಹೋಗಿ. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ ಶುರುವಾದದ್ದು. ಕಮಾನಿನ ಹಿಂದೆ ಕಮಾನು, ಕಣ್ಣು ಹೋದಷ್ಟು ದೂರಕ್ಕೂ ಸಾಲು. ಪರ್ಸ್ಪೆಕ್ಟಿವ್ ಪಾಠ ಮಾಡಿದವರು ಅಲ್ಲಿಂದ ಏಳುವುದೇ ಇಲ್ಲ. ಮೆಟ್ಟಿಲ ತೊಂದರೆಯೂ ಅಷ್ಟಿಲ್ಲ. ಈಗಲೂ ನಮಾಜು ನಡೆಯುವ ಜಾಗ, ಅದಕ್ಕೆ ತಕ್ಕ ಬಟ್ಟೆ ಹಾಕಿಕೊಳ್ಳಿ, ಪ್ರಾರ್ಥನೆಯ ಹೊತ್ತಲ್ಲಿ ಹೋಗಬೇಡಿ.

ಜೋಗದ ಹನಿ

ಇಬ್ಬರಿಗೂ ತುಂಬ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಗ್ಯಾಲರಿಗೆ ಮೆಟ್ಟಿಲು ಹೇಗಿವೆ? ಹತ್ತಲು ಆಗದಿದ್ದರೆ ಅವರು ಕೆಳಗೆ ಸುಮ್ನೆ ಕಾಯಬೇಕಾ? ನನಗೆ ಅದೊಂದೇ ಬೇಜಾರು.

ಶಹಾಪುರ ಅಗಸಿ

ಅಕ್ಕಾ, ಮೆಟ್ಟಿಲು ಕಷ್ಟವೇ. ನಾಲ್ಕು ಮೂಲೆಯಲ್ಲಿ ಏಳು ಅಂತಸ್ತಿನ ಗೋಪುರಗಳಿವೆ, ಅದರೊಳಗೆ ಸುತ್ತಿಕೊಂಡು ಹೋಗುವ ಇಕ್ಕಟ್ಟು ಮೆಟ್ಟಿಲು. ಒಂದೊಂದೂ ಎತ್ತರ. ಮಂಡಿ ನೋವಿದ್ದವರನ್ನು ಹತ್ತಿಸಬೇಡಿ. ಹತ್ತಿದರೂ ಇಳಿಯುವಾಗ ಜೀವ ಹೋಗುತ್ತದೆ.

ಆದರೆ ಅವರಿಗೆ ಕೆಳಗೇ ದೊಡ್ಡ ಹಬ್ಬ ಇದೆ. ಒಳಗೆ ಹೋಗಿ ನಡುವಿನ ಕಟ್ಟೆಯ ಹತ್ತಿರ ನಿಂತು ತಲೆ ಎತ್ತಲಿ. ಕೋಣೆ ಚೌಕ, ಮೇಲಿನ ಗುಮ್ಮಟ ದುಂಡಗೆ. ನಡುವೆ ಒಂದೂ ಕಂಬ ಇಲ್ಲ. ಹೊರಗಿನ ಅಳತೆಯಲ್ಲಿ 44 ಮೀಟರ್ ಅಗಲದ ಗುಮ್ಮಟ ಹೇಗೆ ನಿಂತಿದೆ? ಗೋಡೆಗಳಿಂದ ಎಂಟು ಕಮಾನುಗಳು ಎದ್ದು ಒಂದನ್ನೊಂದು ಕತ್ತರಿಸುತ್ತವೆ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟ ಹಾಗೆ ಎಂಟು ಮೂಲೆಯ ನಕ್ಷತ್ರ ಆಗುತ್ತದೆ. ಆ ನಕ್ಷತ್ರದ ಒಳಗಿನ ಎಂಟು ಮೂಲೆಯ ಜಾಗದ ಮೇಲೆ ದುಂಡು ಕೂತಿದೆ. ಸ್ಕೇಲು, ಕೈವಾರ ಹಿಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ನಾನು ಕರ್ಕೊಂಡು ಹೋದ ಎಷ್ಟೋ ಜನ ಇದನ್ನು ನೋಡದೇ ಮೇಲೆ ಓಡುತ್ತಾರೆ, ನನಗೆ ಸಂಕಟ ಆಗುತ್ತದೆ. ನೀವು ಮೇಲಿಂದ ಅಪ್ಪಾಜಿಯನ್ನು ಒಮ್ಮೆ ಕರೆಯಿರಿ. ದನಿ ಮತ್ತೆ ಮತ್ತೆ ಮಾರ್ದನಿಸುವುದು ಅವರಿಗೆ ಕೆಳಗೂ ಕೇಳುತ್ತದೆ.

ಹೊರಗಿನ ಚಿತ್ರಕ್ಕೆ ಎದುರಿನ ಹುಲ್ಲುಹಾಸಿನ ಮೂಲೆಯಲ್ಲಿ ಕೂರಿಸಿ, ಎರಡು ಗೋಡೆ ಒಟ್ಟಿಗೆ ಕಾಣುವ ಹಾಗೆ. ಗುಮ್ಮಟದ ಬುಡದಲ್ಲಿ ಹೂವಿನ ದಳಗಳ ಸಾಲಿದೆ, ಬೋರ್ಡಿನ ಚಿತ್ರದಲ್ಲಿ ಸಾಮಾನ್ಯವಾಗಿ ಅದನ್ನೇ ಬಿಟ್ಟಿರುತ್ತಾರೆ. ಮುಂದಿರುವ ಮ್ಯೂಸಿಯಂ ಶುಕ್ರವಾರ ರಜೆ.

ಬಾಗಲಕೋಟೆಯವರು ಮಸೀದಿ ಬಗ್ಗೆ ಹೇಳಿದ್ದು ಸರಿ. ನೀವು ಬರುವುದು ಶುಕ್ರವಾರ ಅಲ್ಲದಿದ್ದರೆ ಸೇರಿಸಿಕೊಳ್ಳಿ. ಅರ್ಧಕ್ಕೇ ನಿಂತ ಸಮಾಧಿ ಬಾರಾ ಕಮಾನ್ ರಸ್ತೆಯಿಂದಲೇ ಕಂಡರೂ ಸಾಕು. ತಾಜ್ ಬಾವಡಿ, ಗಗನ್ ಮಹಲ್ ಈ ಸಲ ಬಿಡಿ.

ರೋಜಾಕ್ಕೆ ಮಾತ್ರ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಎರಡನೇ ಇಬ್ರಾಹಿಂ ಆದಿಲ್ ಶಾಹ ತೀರಿಹೋದದ್ದು 1627ರಲ್ಲಿ. ಅವನ, ಅವನ ಬೇಗಂ ತಾಜ್ ಸುಲ್ತಾನಾ ಅವರ ಸಮಾಧಿ ಅದು. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಸಮಾಧಿ, ಮಸೀದಿ. ಸಮಾಧಿಯ ಸುತ್ತ ಅಗಲವಾದ ಪಡಸಾಲೆ ಇದೆ. ಕೆತ್ತನೆಯೆಲ್ಲ ಅದರ ಒಳಗೋಡೆಯ ಮೇಲೆ. ಹನ್ನೊಂದು, ಹನ್ನೆರಡರ ಉರಿಬಿಸಿಲಲ್ಲೂ ನೆರಳಲ್ಲಿ ಕೂತು ನೋಡಬಹುದು, ಬರೆಯಬಹುದು. ಕಿಟಕಿಯ ಮೇಲೆ ಕಲ್ಲಲ್ಲೇ ಅರಬ್ಬಿ ಅಕ್ಷರ ಕೊರೆದಿದ್ದಾರೆ, ಅಕ್ಷರದ ಸಂದಿಯಿಂದ ಬೆಳಕು ಬರುತ್ತದೆ. ಎದುರಿನ ಮಸೀದಿಯ ಸೂರಿನಲ್ಲಿ ಕಲ್ಲಿನ ಸರಪಳಿ ತೂಗುತ್ತದೆ, ಕೊಂಡಿಗೆ ಕೊಂಡಿ ಬಿಡಿಬಿಡಿಯಾಗಿ. ಅಪ್ಪಾಜಿಯವರಿಗೆ ಅದನ್ನು ಮರೆಯದೇ ತೋರಿಸಿ. ಚಪ್ಪಲಿ ಬಿಟ್ಟು ನಡೆಯುವ ಕಡೆ ಕಲ್ಲು ಕಾದಿರುತ್ತದೆ, ಇಬ್ಬರಿಗೂ ಕಾಲುಚೀಲ ಇಟ್ಟುಕೊಳ್ಳಿ.

ಸೊಲ್ಲಾಪುರ ಗಲ್ಲಿ

ಸೊಲ್ಲಾಪುರದಲ್ಲೇ ಇರುವವನು ನಾನು. ವಿಜಯಪುರದಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್. ಬಸ್ಸು, ಊರೊಳಗಿನ ಟ್ರಾಫಿಕ್ಕು ಎಲ್ಲ ಸೇರಿ ಮೂರು ಗಂಟೆ ಹಿಡಿಯಿರಿ. ವರಪೂಜೆ ಆರಕ್ಕಿದ್ದರೆ ಎರಡರೊಳಗೆ ಹೊರಡುವುದು ಒಳ್ಳೆಯದು, ಸೀರೆ ಉಟ್ಟು ತಯಾರಾಗಲೂ ಸಮಯ ಬೇಕಲ್ವಾ? ಊಟ ಅಲ್ಲೇ ಯಾವುದಾದರೂ ಖಾನಾವಳಿಯಲ್ಲಿ ಮುಗಿಸಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಮದುವೆ ಮನೆಗೆ ಒಯ್ಯಲು ಒಣದ್ರಾಕ್ಷಿ ತಗೊಳ್ಳಿ, ವಿಜಯಪುರದ್ದು ಬಹಳ ಚೆನ್ನಾಗಿರುತ್ತದೆ.

ಜೋಗದ ಹನಿ

ಅಪ್ಪ ಈಗಲೇ ಎಂಟು ಕಮಾನುಗಳನ್ನು ಹಾಳೆಯ ಮೇಲೆ ಗೀಚುತ್ತಿದ್ದಾರೆ! ಒಂದು ಕೊನೆಯ ಪ್ರಶ್ನೆ: ರೋಜಾದಲ್ಲಿ ಮಡಚುವ ಸ್ಟೂಲ್ ಒಳಗೆ ಬಿಡುತ್ತಾರಾ?

ಶಹಾಪುರ ಅಗಸಿ

ಗೇಟಲ್ಲಿ ಕೇಳಿ. ಬಿಡದಿದ್ದರೂ ಚಿಂತೆ ಇಲ್ಲ, ಪಡಸಾಲೆಯ ಅಂಚು ಕೂರಲು ಸಾಕಷ್ಟು ಅಗಲ ಇದೆ. ಒಂದು ದಪ್ಪ ಟವಲ್ ತನ್ನಿ. ಬರುವ ದಿನ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಪರಿಚಯದ ಆಟೋದವರಿಗೆ ಹೇಳಿಡುತ್ತೇನೆ.