ಹಾರ್ಡ್‌ಟೇಲ್ ತಗೊಳ್ಳಲಾ, ಫುಲ್ ಸಸ್ಪೆನ್ಷನ್ ತಗೊಳ್ಳಲಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದೆ ಮಾತ್ರ ಶಾಕ್ ಇರುವ ಸೈಕಲ್ (ಹಾರ್ಡ್‌ಟೇಲ್) ತಗೊಳ್ಳಲಾ, ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವುದು (ಫುಲ್ ಸಸ್ಪೆನ್ಷನ್) ತಗೊಳ್ಳಲಾ ಅಂತ ಗೊಂದಲದಲ್ಲಿದ್ದೇನೆ. ನಾನಿರುವುದು ಸಕಲೇಶಪುರದ ಹತ್ತಿರ. ವಾರಕ್ಕೆ ಮೂರು ದಿನ ಕಾಫಿ ತೋಟದ ದಾರಿಗಳಲ್ಲಿ ಸೈಕಲ್ ಹೊಡೆಯುತ್ತೇನೆ. ಏರು ಜಾಸ್ತಿ. ಇಳಿಜಾರಿನಲ್ಲಿ ಮರದ ಬೇರು, ಸಡಿಲ ಕಲ್ಲು, ಮಳೆನೀರು ಕೊರೆದ ಗುಂಡಿಗಳು. ಈಗಿರುವ ಹಳೇ ಸೈಕಲ್‌ನಲ್ಲಿ ಎರಡು ಗಂಟೆ ಓಡಿಸಿದರೆ ಸೊಂಟ ಹಿಡಿದುಕೊಳ್ಳುತ್ತದೆ.

ಬಜೆಟ್ 90 ಸಾವಿರ. ಈ ದುಡ್ಡಿಗೆ 120 ಎಂಎಂ ಏರ್ ಫೋರ್ಕ್ (ಗಾಳಿ ತುಂಬಿದ, 120 ಎಂಎಂವರೆಗೆ ಕುಗ್ಗುವ ಮುಂದಿನ ಶಾಕ್) ಇರುವ ಹೊಸ ಹಾರ್ಡ್‌ಟೇಲ್ ನೋಡಿಟ್ಟಿದ್ದೇನೆ. ಅಷ್ಟೇ ದುಡ್ಡಿಗೆ ಬೆಂಗಳೂರಿನಲ್ಲಿ ಒಬ್ಬರು ನಾಲ್ಕು ವರ್ಷ ಹಳೆಯ ಫುಲ್ ಸಸ್ಪೆನ್ಷನ್ ಕೊಡಲು ರೆಡಿ ಇದ್ದಾರೆ. ಹೋದ ಭಾನುವಾರ ಹೋಗಿ ಓಡಿಸಿ ಬಂದೆ. ಕಲ್ಲಿನ ಮೇಲೆ ಹತ್ತಿಸಿದರೂ ಹಿಂದಿನ ಚಕ್ರ ನೆಲ ಬಿಡಲೇ ಇಲ್ಲ, ನಿಜಕ್ಕೂ ಆಸೆ ಆಯಿತು. ಆದರೆ ಸೀಟು ಹಿಡಿದು ಮೇಲೆತ್ತಿದಾಗ ಹಿಂದೆ ಟಕ್ ಅಂತ ಸಣ್ಣ ಸದ್ದು ಬಂತು. ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿದಾಗಲೂ ಕೈಗೆ ಸಡಿಲ ಗೊತ್ತಾಯಿತು. ಪಿವಟ್ ಬೇರಿಂಗ್ (ಫ್ರೇಮಿನ ಹಿಂಭಾಗ ಆಡುವ ಕೀಲಿನ ಬೇರಿಂಗ್) ಸವೆದಿರಬೇಕು, ಇಲ್ಲಾಂದ್ರೆ ಶಾಕ್‌ನ ಬುಶಿಂಗ್ (ಶಾಕ್ ಫ್ರೇಮಿಗೆ ಸೇರುವ ಜಾಗದ ಬಳೆ) ಹೋಗಿರಬೇಕು, ಅಲ್ವಾ?

ನನಗೆ ಹೆದರಿಕೆ ಮಳೆಗಾಲದ್ದು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರೇ ಕೆಸರು. ಹಾರ್ಡ್‌ಟೇಲ್ ಆದರೆ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಟ್ಟರೆ ಹೆಚ್ಚುಕಮ್ಮಿ ಮುಗಿಯಿತು. ಹಿಂದಿನ ಶಾಕ್ ಬಿಚ್ಚಿ ಸರ್ವಿಸ್ ಮಾಡುವವರು ಇಲ್ಲಿ ಹತ್ತಿರ ಯಾರೂ ಇಲ್ಲ.

ಹಾರ್ಡ್‌ಟೇಲ್‌ಗೆ 2.4 ಇಂಚಿನ ಟ್ಯೂಬ್‌ಲೆಸ್ ಟೈರ್ ಹಾಕಿ ಗಾಳಿ ಕಮ್ಮಿ ಇಟ್ಟರೆ ಸೊಂಟಕ್ಕೆ ಎಷ್ಟು ಆರಾಮ ಸಿಗುತ್ತದೆ? ಮಲೆನಾಡು, ಕೊಡಗಿನ ಕಡೆ ಫುಲ್ ಸಸ್ಪೆನ್ಷನ್ ಓಡಿಸುವವರು ಬೇರಿಂಗ್ ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ, ಖರ್ಚು ಎಷ್ಟಾಗುತ್ತದೆ? ಬರುವ ಶನಿವಾರದೊಳಗೆ ಬೆಂಗಳೂರಿನವರಿಗೆ ಉತ್ತರ ಹೇಳಬೇಕು. ಅನುಭವ ಇದ್ದವರು ದಯವಿಟ್ಟು ತಿಳಿಸಿ.